ಬರಿ ಹೊಟ್ಟೆಯಲ್ಲಿ

ಆರೂ ಮುಕ್ಕಾಲಕ್ಕೆ ದುದ್ದದಿಂದ ಹಾಸನದ ಬಸ್ಸು.
ಕಂಡಕ್ಟರ್ ಈಗ ಎಲ್ಲಿಗೆ ಎಂದು ಕೇಳುವುದಿಲ್ಲ.
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತಾನೆ,
ಹೋದದ್ದಕ್ಕೂ ಸೊನ್ನೆ, ಬಂದದ್ದಕ್ಕೂ ಸೊನ್ನೆ.

ಎಂಟಕ್ಕೆ ಲ್ಯಾಬಿನ ಷಟರು.
ಮೊದಲು ಬರುವವರು ಸಕ್ಕರೆಯವರು,
ರಾತ್ರಿಯಿಂದ ಉಪವಾಸ, ಕಾಫಿ ಇಲ್ಲದ ಸಿಟ್ಟು.
ಮುಷ್ಟಿ ಬಿಗಿ ಮಾಡಿ. ಬಿಡಿ. ಹತ್ತಿ ಒತ್ತಿ ಹಿಡಿಯಿರಿ.
ಈ ಮೂರು ಮಾತು, ದಿನಕ್ಕೆ ನಲವತ್ತು ಸಲ,
ಹದಿಮೂರು ವರ್ಷ.
ಮನೆಯಲ್ಲಿ ಅಷ್ಟೂ ಬೇಕಾಗುವುದಿಲ್ಲ.
ಅವರು ಒಳ್ಳೆಯವರು. ಚಾರ್ಜರು ಎಲ್ಲಿ ಎನ್ನುತ್ತಾರೆ.
ಕೊಡುತ್ತೇನೆ.

ಧರಣೇಂದ್ರ, ಗಂಡು, ನಲವತ್ನಾಲ್ಕು,
ತಿಂಗಳ ಎರಡನೇ ಮಂಗಳವಾರ ಬರುತ್ತಾನೆ.
ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ ತಕ್ಕಡಿ ರಿಪೇರಿ.
ಅಂಗಡಿಯವರ ತೂಕದ ಬಟ್ಟು ಸವೆದಿದ್ದರೆ
ಅಡಿಯ ತೂತಿಗೆ ಸೀಸ ತುಂಬಿ
ಸರಿ ಮಾಡಿ ಕಳಿಸುವವನು.
ಮೊದಲ ದಿನ ನಮ್ಮ ಮುಳ್ಳಿನ ಯಂತ್ರದ ಮೇಲೆ ನಿಂತು
'ಇದು ಮುನ್ನೂರು ಗ್ರಾಂ ಸುಳ್ಳು ಹೇಳುತ್ತೆ ಮೇಡಂ' ಎಂದ.
ಆಗ ಅರವತ್ತೊಂದು ಕಿಲೋ. ಈಗ ಐವತ್ತೆರಡು.
ಸುಳ್ಳು ಎರಡು ಸಲವೂ ಅಷ್ಟೇ ಇರುವುದರಿಂದ
ಆ ಒಂಬತ್ತು ಕಿಲೋ ನಿಜ.

ಅವನ ನರ ಸಿಗುವುದು ಕಷ್ಟ.
ಬೆರಳಿಟ್ಟು ಹುಡುಕುತ್ತೇನೆ,
ಬೇಕಾದ್ದಕ್ಕಿಂತ ಎರಡು ಕ್ಷಣ ಹೆಚ್ಚು.
ನಾನು ಮಾಡಿದ ತಪ್ಪು ಇಷ್ಟೇ.

'ಬರಿ ಹೊಟ್ಟೆಯಲ್ಲಿ ಬಂದಿದ್ದೀರಾ?'
'ಊಟ ಮಾಡಿ ಮೂರು ದಿನ. ಸಾಕಾ?'
ಬಾಯಲ್ಲಿ ಏಲಕ್ಕಿ, ಅದರ ಹಿಂದೆ ನಿನ್ನೆ ರಾತ್ರಿ.
'ನಮ್ಮಜ್ಜಿ ಬೆಳಗೊಳದಲ್ಲಿ ಊಟ ಬಿಟ್ಟು ಕೂತಳು,
ಮೂವತ್ತೊಂದು ದಿನ. ಜನ ಕೈ ಮುಗಿದು ಹೋದರು.
ಅವಳಿಗೆ ಆಸೆಯೆಲ್ಲ ತೀರಿತ್ತು.
ನಂದು ತೀರ್ತಿಲ್ಲ, ಅದಕ್ಕೇ ಇಷ್ಟು ತಡ.'
ಬೆಂಚಿನ ಮೇಲಿದ್ದ ಹೆಂಗಸು ಸೆರಗು ಎಳೆದುಕೊಂಡಳು.
ಟ್ಯೂಬಿನ ಮೇಲೆ ಹೆಸರು ಬರೆದೆ.
ಅವನ ಕೈ ನಡುಗುತ್ತಿತ್ತು. ನನ್ನ ಅಕ್ಷರವೂ.

ಯಂತ್ರದೊಳಗೆ ರಕ್ತ ಸುತ್ತುತ್ತದೆ,
ನಿಮಿಷಕ್ಕೆ ಮೂರು ಸಾವಿರ ಸುತ್ತು, ಇದ್ದಲ್ಲೇ.
ನನ್ನ ಹಾಗೇ, ಎಂದುಕೊಳ್ಳುತ್ತೇನೆ.
ಆದರೆ ಅದು ಸುತ್ತಿ ಸುತ್ತಿ ಬೇರೆಯಾಗುತ್ತದೆ,
ಕೆಂಪು ತಳಕ್ಕೆ, ಮೇಲೆ ತಿಳಿ.
ಉಳಿದವರ ತಿಳಿ ಒಣಹುಲ್ಲಿನ ಬಣ್ಣ.
ಅವನದು ಕಡು ಅರಿಶಿನ,
ಮದುವೆಯ ಹಿಂದಿನ ದಿನ ಮೈಗೆ ಹಚ್ಚಿದಂತೆ.

ಬಿಲಿರುಬಿನ್ ಆರು ಪಾಯಿಂಟ್ ಎರಡು.
ಪಕ್ಕದಲ್ಲಿ, ಇರಬೇಕಾದದ್ದು: ಒಂದರೊಳಗೆ.
ಆ ಒಂದರೊಳಗೆ ನನ್ನ ಸಂಸಾರ.
ನನ್ನ ಅಂಕಿಗಳೆಲ್ಲ ಅಲ್ಲಿವೆ, ಒಂದೂ ದಪ್ಪಕ್ಷರವಾಗದೆ.
ಅವನ ಹಾಳೆಯಲ್ಲಿ ಸಾಲಿಗೆ ಸಾಲು ದಪ್ಪ ಮಸಿ.
ಹೇಳಲು ನಾಚಿಕೆ: ಹೊಟ್ಟೆಕಿಚ್ಚು.

ಮೊನ್ನೆ ಲ್ಯಾಬಿನ ತೂಕದ ಯಂತ್ರವನ್ನು ಚೀಲಕ್ಕೆ ಹಾಕಿ
ನಾನೇ ಅವನ ಅಂಗಡಿಗೆ ಹೊತ್ತುಕೊಂಡು ಹೋದೆ.
ಸೊಪ್ಪಿನವರು ಮೂಟೆ ಕಟ್ಟುವ ಹೊತ್ತು.
ಗೋಡೆ ತುಂಬ ಒಂಟಿ ತಟ್ಟೆಗಳು, ಜೋಡಿ ಇಲ್ಲದವು.
ತಿರುಪು ಬಿಚ್ಚಿದ, ಸ್ಪ್ರಿಂಗು ಒರೆಸಿದ,
ಆಗ ಮಾತ್ರ ಅವನ ಕೈ ನಡುಗಲಿಲ್ಲ.
ದುಡ್ಡು ಬೇಡ ಎಂದ. 'ನಿಲ್ಲಿ, ನೋಡೋಣ.'
ಚಪ್ಪಲಿ ಬಿಟ್ಟು ನಿಂತೆ.
ಹತ್ತಾರು ವರ್ಷದಲ್ಲಿ ಮೊದಲ ಸಲ
ಯಾರೋ ನನ್ನನ್ನು ನೋಡುತ್ತಾರೆ ಎಂದು.
ಅವನು ಮುಳ್ಳು ನೋಡಿದ.
'ಸರಿಯಾಗಿದೆ' ಎಂದ, ಕಪಾಟಿನ ಕಡೆ ತಿರುಗಿದ,
ಬಾಟಲಿಯ ಮುಚ್ಚಳ ತಿರುಗಿಸುತ್ತ
'ಹೊರಡಿ, ಆಮೇಲೆ ಬಸ್ಸಿಲ್ಲ.'

ಡಾಕ್ಟರ ಹೆಸರು, ನಂಬರು ಬರೆದ ಚೀಟಿ
ನನ್ನ ಮುಷ್ಟಿಯೊಳಗೇ ಇತ್ತು.

ದುದ್ದ ಬಂತು. ಇಳಿಯಲಿಲ್ಲ.
ಮುಂದಿನ ಸ್ಟಾಪಿನಲ್ಲಿ ಇಳಿದು
ಅರಸೀಕೆರೆ ರಸ್ತೆಯ ಅಂಚು ಹಿಡಿದು ವಾಪಸು ನಡೆದೆ,
ಲಾರಿಗಳ ಬೆಳಕು ಎದುರಿಗೆ, ಯಂತ್ರ ಕಂಕುಳಲ್ಲಿ.
ಮುಕ್ಕಾಲು ಗಂಟೆ ತಡ.
ಚಾರ್ಜರು ಎಲ್ಲಿ ಎಂದರು. ಕೊಟ್ಟೆ.

ನಾಳೆ ಎರಡನೇ ಮಂಗಳವಾರ.
ಹಸಿವಿಲ್ಲ ಎಂದು ಮಲಗಿದೆ.
ಹಸಿವಾಗುತ್ತಿತ್ತು.